ಊಟ ಬಲ್ಲವನಾರು?

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸುತ್ತಿದ್ದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೆಯೋ ಲೆಕ್ಕವಿಲ್ಲ. ಮಕ್ಕಳೆಲ್ಲರೂ ಹೆಚ್ಚುಕಡಮೆ ಒಂದೇ ರೀತಿಯಾಗಿ ಬರೆಯುತ್ತಿದ್ದರು: ಹಸಿದಾಗ ಉಣ್ಣಬೇಕು, ಹಿತವಾಗಿಯೂ ಮಿತವಾಗಿಯೂ ಉಣ್ಣಬೇಕು, ನಾಲಗೆಯ ಚಾಪಲ್ಯಕ್ಕೆ ಒಳಗಾಗಬಾರದು. ಅದು ಸರಿಯಾದ ವಿವರಣೆಯೇ. ಆದರೆ ಕಳೆದ ನಾಲ್ಕು ವರ್ಷಗಳಿಂದ ನಮ್ಮ ಮನೆತನದಲ್ಲಿ ನಡೆದುಬಂದಿರುವ ಒಂದು ಸಂಗತಿಯ ದೆಸೆಯಿಂದ, ವ್ಯಾಕರಣ ಓದಿದವನಿಗೆ ಸಹಜವಾದ ಒಂದು ಪ್ರಶ್ನೆ ನನ್ನಲ್ಲಿ ಹುಟ್ಟಿದೆ. ‘ಬಲ್ಲವನು’ ಎಂಬಲ್ಲಿ ಬಲ್ಲ ಕರ್ತೃ ಯಾರು? ಉಣ್ಣುವ ಮನುಷ್ಯನೇ? ಅವನ ಬುದ್ಧಿಯೇ? ಅಥವಾ ಅವನಿಗೂ ತಿಳಿಯದಂತೆ ಅವನೊಳಗೆ ಕುಳಿತು ಅಳೆಯುತ್ತಿರುವ ಮತ್ತೊಬ್ಬನುಂಟೇ? ಈ ಪ್ರಶ್ನೆಗೆ ಉತ್ತರ ಹೇಳತಕ್ಕ ಒಂದು ವಿರಳವಾದ ರೋಗವನ್ನೂ, ಅದಕ್ಕೆ ಈಚೆಗೆ ದೊರೆತಿರುವ ಔಷಧಗಳನ್ನೂ ಕುರಿತು ವಾಚಕರಲ್ಲಿ ನಾಲ್ಕು ಮಾತು ಅರಿಕೆಮಾಡುವುದೇ ಈ ಲೇಖನದ ಉದ್ದೇಶ.

ದಾನಗಳಲ್ಲೆಲ್ಲ ಅನ್ನದಾನವು ಮೇಲೆಂದು ಹೇಳುವಾಗ ಹಿರಿಯರು ಒಂದು ಕಾರಣವನ್ನು ಕೊಡುವುದುಂಟು. ಹೊನ್ನನ್ನು ಕೊಟ್ಟರೂ ಭೂಮಿಯನ್ನು ಕೊಟ್ಟರೂ ಪಡೆದವನು ಸಾಕೆನ್ನುವುದಿಲ್ಲ. ಅನ್ನವನ್ನು ಬಡಿಸಿದರೆ ಎಂಥ ಆಸೆಬುರುಕನೂ ಒಂದು ಹಂತದಲ್ಲಿ ಎಲೆಯ ಮೇಲೆ ಕೈಯನ್ನು ಅಡ್ಡಹಿಡಿದು ‘ಸಾಕು’ ಎನ್ನುತ್ತಾನೆ. ಈ ‘ಸಾಕು’ ಎಂಬುದು ಯಾವ ವಿಚಾರಮಥನದಿಂದಲೂ ಬಂದುದಲ್ಲ. ಪಂಕ್ತಿಯಲ್ಲಿ ಕುಳಿತ ಯಾರೂ ತಕ್ಕಡಿಯನ್ನು ಮುಂದಿಟ್ಟುಕೊಂಡಿರುವುದಿಲ್ಲ. ಆದರೂ ಆ ಅಳತೆಯ ಸೂಕ್ಷ್ಮತೆಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ದಿನಕ್ಕೆ 2,000 ಕ್ಯಾಲೊರಿಗಳಷ್ಟು ಆಹಾರವನ್ನು ಉಣ್ಣುವವನು ವರ್ಷಕ್ಕೆ 7,30,000 ಕ್ಯಾಲೊರಿಗಳನ್ನು ಉಣ್ಣುತ್ತಾನೆ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲೊರಿ. ಎಂದಮೇಲೆ ನೂರಕ್ಕೆ ಒಂದು ಪಾಲಿನಷ್ಟು ಲೆಕ್ಕ ತಪ್ಪಿದರೂ ವರ್ಷಕ್ಕೆ ಸುಮಾರು ಒಂದು ಕಿಲೋ ಮೈಮೇಲೆ ಬಂದು ಕೂರಬೇಕು. ಬಹುಮಂದಿಯ ತೂಕವು ವರುಷಗಟ್ಟಲೆ ಇದ್ದಲ್ಲಿಯೇ ಇರುವುದನ್ನು ನೋಡಿದರೆ, ಒಳಗೆ ಲೆಕ್ಕ ಬರೆಯುವ ಶ್ಯಾನುಭೋಗನು ಬಹಳ ಜಾಣನೆಂದೇ ಹೇಳಬೇಕು.

ನಮ್ಮ ಪ್ರಾಚೀನ ವೈದ್ಯರು ಈ ವಿಷಯವನ್ನು ಹೇಗೆ ಕಂಡರೆಂಬುದನ್ನು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಅತಿ ಎತ್ತರದವನು, ಅತಿ ಗಿಡ್ಡನು, ಅತಿಯಾಗಿ ರೋಮವುಳ್ಳವನು, ರೋಮವಿಲ್ಲದವನು, ಅತಿ ಕಪ್ಪಾದವನು, ಅತಿ ಬಿಳಿಯವನು, ಅತಿಸ್ಥೂಲನು, ಅತಿಕೃಶನು, ಹೀಗೆ ಎಂಟು ಬಗೆಯ ಶರೀರಗಳನ್ನು ನಿಂದಿತವೆಂದು ಅಲ್ಲಿ ಎಣಿಸಿದೆ. ಸ್ಥೌಲ್ಯಕ್ಕೆ ಕಾರಣಗಳನ್ನು ಹೇಳುವಾಗ ಗುರುವೂ ಮಧುರವೂ ಆದ ಆಹಾರದ ಅತಿಸೇವನೆ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ, ಚಿಂತೆಯಿಲ್ಲದ ಬಾಳು ಇವುಗಳೊಡನೆ ಬೀಜಸ್ವಭಾವವನ್ನೂ ಹೇಳಿದ್ದಾರೆ. ಎಲ್ಲವನ್ನೂ ತಿನ್ನುವವನ ತಲೆಗೇ ಕಟ್ಟಲಿಲ್ಲವೆಂಬುದು ಇದರಿಂದ ಸ್ಪಷ್ಟ. ಇದಕ್ಕಿಂತಲೂ ಗಮನಿಸತಕ್ಕದ್ದು ಮುಂದಿನ ಮಾತು. ಮೇದಸ್ಸಿನಿಂದ ಮಾರ್ಗಗಳು ಮುಚ್ಚಿಹೋಗಲಾಗಿ ವಾಯುವು ಕೋಷ್ಠದಲ್ಲಿಯೇ ಸಂಚರಿಸುತ್ತ ಜಠರಾಗ್ನಿಯನ್ನು ಊದಿ ಹೊತ್ತಿಸುತ್ತದೆ. ಉಂಡದ್ದು ಬೇಗನೆ ಜೀರ್ಣವಾಗುತ್ತದೆ. ಆದಕಾರಣ ಅವನು ಮತ್ತೆಮತ್ತೆ ಆಹಾರವನ್ನು ಬಯಸುತ್ತಾನೆ ಎಂಬುದು ಅಲ್ಲಿಯ ತಾತ್ಪರ್ಯ. ಇಂದಿನ ವಿಜ್ಞಾನವು ಈ ವಾಯುವಿನ ವಿವರಣೆಯನ್ನು ಒಪ್ಪಲಾರದು. ಆದರೆ ಹಸಿವು ಎಂಬುದು ಸ್ಥೌಲ್ಯದ ತಾಯಿ ಮಾತ್ರವಲ್ಲ, ಅದರ ಮಗಳೂ ಆಗಬಹುದು, ಅತಿಯಾದ ಹಸಿವೇ ರೋಗದ ಲಕ್ಷಣವಾಗಿರಬಹುದು ಎಂಬುದನ್ನು ಆ ವೈದ್ಯರು ಕಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ನನ್ನ ತಮ್ಮನಿಗೆ ಒಬ್ಬ ಮೊಮ್ಮಗನಿದ್ದಾನೆ. ಅವನಿಗೆ ಈಗ ಹದಿಮೂರು ವರ್ಷ. ಒಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ಬೆಳಗಿನ ಹೊತ್ತು ತಲೆನೋವು, ವಾಂತಿ ಮೊದಲಾದುವು. ತರಗತಿಯಲ್ಲಿ ಕರಿಹಲಗೆಯ ಒಂದು ಪಕ್ಕದ ಅಕ್ಷರಗಳು ಕಾಣಿಸುವುದಿಲ್ಲವೆಂದನು. ಕನ್ನಡಕ ಹಾಕಿಸಬೇಕೆಂದು ಹೋದವರಿಗೆ ಕಣ್ಣಿನ ವೈದ್ಯರು ತಲೆಯ ಚಿತ್ರವನ್ನು ತೆಗೆಸಿರೆಂದು ಹೇಳಿದರು. ಮಿದುಳಿನ ಅಡಿಯಲ್ಲಿ, ಪಿಟ್ಯುಟರಿ ಗ್ರಂಥಿಯ ತೊಟ್ಟಿನ ಬಳಿಯಲ್ಲಿ, ಕ್ರೇನಿಯೋಫೆರಿಂಜಿಯೋಮ ಎಂಬ ಗಡ್ಡೆ ಬೆಳೆದಿತ್ತು. ಇದು ಕ್ಯಾನ್ಸರಿನಂತೆ ದೇಹದ ಬೇರೆ ಕಡೆಗೆ ಹರಡುವ ಜಾತಿಯದಲ್ಲ. ಆದರೆ ಹಲಸಿನ ಅಂಟಿನಂತೆ ಸುತ್ತಲಿನ ಭಾಗಗಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸುವಾಗ, ಅಥವಾ ಬಿಡಿಸುವುದಕ್ಕೆ ಮೊದಲೇ ಅದರ ಒತ್ತಡದಿಂದ, ಪಕ್ಕದ ಮಿದುಳಿಗೆ ಪೆಟ್ಟಾಗುತ್ತದೆ. ಶಸ್ತ್ರವೈದ್ಯರ ಕೈಗುಣದಿಂದ ಹುಡುಗನ ಜೀವ ಉಳಿಯಿತು, ಕಣ್ಣೂ ಬಹುಮಟ್ಟಿಗೆ ಉಳಿಯಿತು. ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಯಿತು.

ಪೂಜೆಯಾದ ಎರಡು ತಿಂಗಳಿಗೆ ಹಸಿವು ಕಾಣಿಸಿಕೊಂಡಿತು. ಮೊದಲು ಎಲ್ಲರಿಗೂ ಸಂತೋಷವೇ. ಆಸ್ಪತ್ರೆಯಲ್ಲಿ ಸೊರಗಿಬಂದ ಮಗು ಚೆನ್ನಾಗಿ ಉಣ್ಣುತ್ತಿದೆಯೆಂದು ಅವನ ಅಜ್ಜಿ ತುಪ್ಪದ ಗಿಂಡಿಯನ್ನು ಹತ್ತಿರವೇ ಇಟ್ಟುಕೊಂಡು ಬಡಿಸಿದಳು. ಬರಬರುತ್ತ ಊಟವಾಗಿ ಕೈತೊಳೆದವನು ಕಾಲು ಗಂಟೆಯೊಳಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದನು. ರಾತ್ರಿ ಎದ್ದು ಹಸಿಯ ಅವಲಕ್ಕಿಯನ್ನು ತಿನ್ನುತ್ತಿದ್ದನು. ಬೆಲ್ಲದ ಡಬ್ಬಿ ಬರಿದಾಗುತ್ತಿತ್ತು. ದನಕ್ಕೆಂದು ನೆನೆಯಿಟ್ಟಿದ್ದ ಹಿಂಡಿಯನ್ನೂ ಒಮ್ಮೆ ಮುಟ್ಟಿದ್ದನು. ಶಸ್ತ್ರಕ್ರಿಯೆಯ ಕಾಲಕ್ಕೆ 27 ಕಿಲೋ ಇದ್ದ ಹುಡುಗನು ಒಂದೂವರೆ ವರ್ಷದಲ್ಲಿ 58 ಕಿಲೋ ಆದನು. ಊಟವನ್ನು ಬಿಗಿಮಾಡಿದರೂ ತೂಕ ಏರುತ್ತಲೇ ಇತ್ತು. ಹಗಲೆಲ್ಲ ತೂಕಡಿಕೆ. ನೆಂಟರಿಷ್ಟರು ಬಂದವರು ತಮತಮಗೆ ತೋರಿದಂತೆ ನುಡಿದರು: ತಾಯಿ ಮುದ್ದುಮಾಡಿ ಕೆಡಿಸಿದಳೆಂದು ಕೆಲವರು, ಹುಡುಗನಿಗೆ ಬಾಯಿಚಪಲವೆಂದು ಕೆಲವರು. ಒಂದು ಮದುವೆಯ ಮನೆಯಲ್ಲಿ ಅವನು ಪಂಕ್ತಿಯಲ್ಲಿ ಕುಳಿತಿರುವಾಗ ಯಾರೋ ಆಡಿದ ಹಾಸ್ಯಕ್ಕೆ ಸಾಲೆಲ್ಲ ನಕ್ಕಿತು. ಅವನ ತಾಯಿ ಎದ್ದುಹೋದಳು. ಹುಡುಗನು ತಲೆಯೆತ್ತದೆ ಉಣ್ಣುತ್ತಲೇ ಇದ್ದನು.

ಅದಾದ ಕೆಲವು ದಿನಗಳ ಮೇಲೆ, ಅಮರಕೋಶದ ಪಾಠಕ್ಕೆಂದು ಬಂದವನು ನನ್ನನ್ನು ಕೇಳಿದನು: “ತಾತ, ಊಟ ಆದಮೇಲೆ ನಿಮಗೆಲ್ಲ ಏನಾಗುತ್ತೆ? ಸಾಕು ಅಂತ ಹೇಗೆ ಗೊತ್ತಾಗುತ್ತೆ?”

ನಾನು ಸ್ವಲ್ಪ ಹೊತ್ತು ಯೋಚಿಸಿ, “ಹಂಡೆಗೆ ನೀರು ತುಂಬುವಾಗ ಕಂಠದ ಹತ್ತಿರ ಬಂದರೆ ಸದ್ದು ಬದಲಾಗುತ್ತಲ್ಲ ಮಗು, ಹಾಗೆ ಒಳಗೆ ಏನೋ ಬದಲಾಗುತ್ತೆ” ಎಂದೆನು.

“ಆ ಸದ್ದು ನನಗೆ ಕೇಳ್ಸೋದೇ ಇಲ್ಲ ತಾತ. ಮೊದಲು ಕೇಳ್ತಾ ಇತ್ತು ಅಂತ ಜ್ಞಾಪಕ” ಎಂದನು.

ರೋಗವನ್ನು ವೈದ್ಯರು ನಮಗೆ ಹಲವು ಸಲ ವಿವರಿಸಿದ್ದರು. ಆದರೂ ಈ ಮಾತಿಗಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಕೇಳಿಲ್ಲ. ಹುಡುಗನು ಹೇಳಿದ ಆ ಸದ್ದು ಎಲ್ಲಿ ಹುಟ್ಟುತ್ತದೆ, ಅದನ್ನು ಕೇಳುವ ಕಿವಿ ಎಲ್ಲಿದೆ ಎಂಬುದನ್ನು ಹುಡುಕುತ್ತ ಹೋದವರ ಚರಿತ್ರೆಯು ಒಂದು ಶತಮಾನಕ್ಕೂ ಮೀರಿದ್ದು.

1901ರಲ್ಲಿ ವಿಯೆನ್ನಾ ನಗರದ ಆಲ್ಫ್ರೆಡ್ ಫ್ರೋಹ್ಲಿಶ್ ಎಂಬ ವೈದ್ಯರು ಹದಿನಾಲ್ಕು ವರ್ಷದ ಒಬ್ಬ ಬಾಲಕನನ್ನು ಕುರಿತು ಬರೆದರು. ತಲೆನೋವು, ದೃಷ್ಟಿನಾಶ, ಮಿತಿಮೀರಿದ ಮೈಬೊಜ್ಜು, ಪಿಟ್ಯುಟರಿಯ ಬಳಿ ಗಡ್ಡೆ: ನಮ್ಮ ಹುಡುಗನ ಜಾತಕವೇ. ಬೊಜ್ಜಿಗೆ ಪಿಟ್ಯುಟರಿ ಗ್ರಂಥಿಯ ದೋಷವೇ ಕಾರಣವೆಂದು ಆಗ ಬಹುಮಂದಿ ತಿಳಿದರು. ಅದೇ ನಗರದ ಯಾಕೋಬ್ ಎರ್ಡ್‌ಹೈಮ್ ಎಂಬವರು 1904ರಲ್ಲಿ, ದೋಷವಿರುವುದು ಗ್ರಂಥಿಯಲ್ಲಲ್ಲ, ಅದರ ಮೇಲಿರುವ ಮಿದುಳಿನ ಅಡಿಭಾಗದಲ್ಲಿ ಎಂದು ವಾದಿಸಿದರು. ಆ ಅಡಿಭಾಗವೇ ಹೈಪೋಥಲಾಮಸ್. ಗ್ರೀಕ್ ಭಾಷೆಯಲ್ಲಿ ಥಲಾಮಸ್ ಎಂದರೆ ಒಳಮನೆ, ಹೈಪೋ ಎಂದರೆ ಕೆಳಗಿನದು. ಅಂತಃಪುರದ ಕೆಳಗಿನ ನೆಲಮನೆಯೆನ್ನಬಹುದು. ಸುಮಾರು 1,400 ಗ್ರಾಂ ತೂಗುವ ಮಿದುಳಿನಲ್ಲಿ ಇದರ ತೂಕ ಕೇವಲ ನಾಲ್ಕು ಗ್ರಾಮಿನಷ್ಟು. ಹಸಿವು, ನೀರಡಿಕೆ, ನಿದ್ರೆ, ಮೈಬಿಸಿ ಇವುಗಳ ಯಜಮಾನಿಕೆಯೆಲ್ಲ ಅಲ್ಲಿಯದು.

1940ರಲ್ಲಿ ಅಮೆರಿಕದ ಹೆದರಿಂಗ್‌ಟನ್ ಮತ್ತು ರಾನ್ಸನ್ ಎಂಬವರು ಇಲಿಗಳ ಹೈಪೋಥಲಾಮಸಿನಲ್ಲಿ ಸೂಜಿಮೊನೆಯಷ್ಟು ಭಾಗವನ್ನು ವಿದ್ಯುತ್ತಿನಿಂದ ಸುಟ್ಟು, ಪಿಟ್ಯುಟರಿಯನ್ನು ಮುಟ್ಟದೆಯೇ ಇಲಿಗಳು ಬೊಜ್ಜಿನಿಂದ ಉಬ್ಬಿಹೋಗುವುದನ್ನು ತೋರಿಸಿದರು. ಎರ್ಡ್‌ಹೈಮರ ವಾದ ಗೆದ್ದಿತು. ಇದರ ಮುಂದಿನ ಹೆಜ್ಜೆಯಲ್ಲಿ ಭಾರತೀಯರೊಬ್ಬರ ಪಾತ್ರವಿದೆಯೆಂಬುದು ನಮಗೆ ಅಭಿಮಾನದ ವಿಷಯ. ಲಾಹೋರಿನಲ್ಲಿ ಹುಟ್ಟಿದ ಬಾಲ ಕೃಷ್ಣ ಆನಂದ್ ಅವರು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಬ್ರೋಬೆಕ್ ಅವರೊಡನೆ ಕೆಲಸಮಾಡಿ, ಹೈಪೋಥಲಾಮಸಿನ ಪಕ್ಕದ ಒಂದು ಸಣ್ಣ ಭಾಗವನ್ನು ಎರಡು ಕಡೆಯೂ ನಾಶಮಾಡಿದರೆ ಇಲಿಯು ಉಣ್ಣುವುದನ್ನೇ ಬಿಟ್ಟುಬಿಡುತ್ತದೆಯೆಂದು 1951ರಲ್ಲಿ ಪ್ರಕಟಿಸಿದರು. ಒಂದು ಕಡೆ ಪೆಟ್ಟಾದರೆ ಎಂದೂ ತೀರದ ಹಸಿವು. ಅದಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಪೆಟ್ಟಾದರೆ ತುಂಬಿದ ಅನ್ನದ ಮುಂದೆ ಉಪವಾಸ! ಆನಂದರು ಅನಂತರ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಶಾಸ್ತ್ರದ ಆಚಾರ್ಯರಾದರು. 1961ರಲ್ಲಿ ಯೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ಅಳೆದು ಬರೆದವರಲ್ಲಿಯೂ ಅವರೊಬ್ಬರು. ಹಸಿವಿನ ಮನೆಯನ್ನು ಕಂಡುಕೊಟ್ಟವರೇ ನಿಗ್ರಹದ ಮನೆಯನ್ನೂ ಹುಡುಕಹೊರಟರೆಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಪುಳಕಿತವಾಗುತ್ತದೆ.

ಮಿದುಳಿಗೆ ‘ಸಾಕು’ ಎಂದು ಹೇಳುವವರಾರು? 1959ರಲ್ಲಿ ಇಂಗ್ಲೆಂಡಿನ ಹಾರ್ವೆ ಎಂಬ ವಿಜ್ಞಾನಿಯು ಎರಡೆರಡು ಇಲಿಗಳನ್ನು, ಒಂದರ ರಕ್ತ ಮತ್ತೊಂದಕ್ಕೆ ಅಲ್ಪಸ್ವಲ್ಪವಾಗಿ ಹರಿಯುವಂತೆ, ಪಕ್ಕಪಕ್ಕದಲ್ಲಿ ಜೋಡಿಸಿದರು. ಆ ಜೋಡಿಯಲ್ಲಿ ಒಂದರ ಹೈಪೋಥಲಾಮಸಿಗೆ ಮಾತ್ರ ಪೆಟ್ಟುಮಾಡಿದರು. ಅದು ತಿಂದು ತಿಂದು ಬೊಜ್ಜು ಬೆಳೆಸಿತು. ಅದರ ಜೊತೆಗಾರ ಇಲಿಯು ಉಣ್ಣುವುದನ್ನು ಬಿಟ್ಟು ಸೊರಗಿಹೋಯಿತು. ಕೊಬ್ಬಿನಿಂದ ಹೊರಟ ಯಾವುದೋ ವಸ್ತು ರಕ್ತದಲ್ಲಿ ಸೇರಿ ‘ಸಾಕು, ಸಾಕು’ ಎಂದು ಕೂಗುತ್ತಿತ್ತು. ಕಿವಿ ಕೆಟ್ಟ ಇಲಿಗೆ ಅದು ಕೇಳಿಸಲಿಲ್ಲ, ಕಿವಿ ಸರಿಯಾಗಿದ್ದ ಇಲಿಗೆ ಅತಿಯಾಗಿ ಕೇಳಿಸಿತು. ಆ ವಸ್ತುವನ್ನು ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು 1994ರಲ್ಲಿ ಕಂಡುಹಿಡಿದರು. ತೆಳ್ಳಗಿನದು ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು.

ಈಗ ಸರಪಳಿಯ ಕೊಂಡಿಗಳನ್ನು ಕೂಡಿಸಬಹುದು. ಮೈಯಲ್ಲಿ ಕೊಬ್ಬು ಸಾಕಷ್ಟಿದೆಯೆಂದು ಲೆಪ್ಟಿನ್ ಸುದ್ದಿ ತರುತ್ತದೆ. ಹೈಪೋಥಲಾಮಸಿನ ಕೆಲವು ನರಕೋಶಗಳು ಆ ಸುದ್ದಿಯನ್ನು ಕೇಳಿ ಮೆಲನೋಕಾರ್ಟಿನ್ ಎಂಬ ವರ್ಗದ ಒಂದು ರಸವನ್ನು ಹೊರಡಿಸುತ್ತವೆ. ಆ ರಸವು ಮುಂದಿನ ನರಕೋಶಗಳ ಮೇಲಿರುವ ಎಂಸಿ4 ಎಂಬ ಗ್ರಾಹಕದ ಬೀಗಕ್ಕೆ ಕೀಲಿಕೈಯಂತೆ ಹೊಂದಿಕೊಂಡಾಗ ಹಸಿವು ಅಡಗುತ್ತದೆ, ಮೈಯ ಖರ್ಚು ಹೆಚ್ಚುತ್ತದೆ. ನಮ್ಮ ಹುಡುಗನಂಥವರಲ್ಲಿ ಸುದ್ದಿ ಬರುತ್ತದೆ, ಕೇಳುವ ಕೋಶಗಳೇ ಇಲ್ಲ. ಮೈಮೇಲೆ ಕಿಲೋಗಟ್ಟಲೆ ಕೊಬ್ಬಿದ್ದರೂ ಮಿದುಳು ಕ್ಷಾಮ ಬಂದಿದೆಯೆಂದೇ ನಂಬಿ, ಉಣ್ಣು ಎಂದು ಆಜ್ಞೆಮಾಡುತ್ತದೆ, ಚಲನೆಯನ್ನು ತಗ್ಗಿಸುತ್ತದೆ, ಇನ್ಸುಲಿನ್ನನ್ನು ಹೆಚ್ಚಾಗಿ ಸುರಿಸಿ ಉಂಡದ್ದನ್ನು ಕೊಬ್ಬಾಗಿ ಕಟ್ಟಿಡಿಸುತ್ತದೆ. ಊಟವನ್ನು ಕಡಿಮೆಮಾಡಿದರೂ ತೂಕ ಏಕೆ ನಿಲ್ಲಲಿಲ್ಲವೆಂಬುದಕ್ಕೆ ಇದೇ ಸಮಾಧಾನ. ಕ್ರೇನಿಯೋಫೆರಿಂಜಿಯೋಮ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಸ್ಥೌಲ್ಯವು ಗಂಟುಬೀಳುತ್ತದೆ.

ಔಷಧಗಳ ಮಾತಿಗೆ ಬರೋಣ. ಬಹುಕಾಲ ಇದಕ್ಕೆ ತಕ್ಕ ಮದ್ದೇ ಇರಲಿಲ್ಲ. ಇನ್ಸುಲಿನ್ನಿನ ಪ್ರವಾಹವನ್ನು ತಡೆಯಬೇಕೆಂದು ಆಕ್ಟ್ರಿಯೊಟೈಡ್, ಡೈಯಜಾಕ್ಸೈಡ್ ಎಂಬುವನ್ನು ಕೊಟ್ಟು ನೋಡಿದರು. ಕೆಲವು ಮಕ್ಕಳಲ್ಲಿ ತೂಕ ಏರುವ ವೇಗ ತಗ್ಗಿತೇ ಹೊರತು ಏರಿದ್ದು ಇಳಿಯುವುದು ಅಪರೂಪವಾಯಿತು. ತೂಕಡಿಕೆಯನ್ನು ಕಳೆಯಲು ಉತ್ತೇಜಕಗಳನ್ನು ಕೊಟ್ಟರು. ಚಟುವಟಿಕೆ ಹೆಚ್ಚಿತು, ಫಲ ಅಷ್ಟಕ್ಕಷ್ಟೆ. ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಈಗ ಮನೆಮಾತಾಗಿರುವ ಜಿಎಲ್‌ಪಿ-1 ವರ್ಗದ ಚುಚ್ಚುಮದ್ದುಗಳು ಆಮೇಲೆ ಬಂದುವು. ಆ ವರ್ಗದ ಎಕ್ಸೆನಟೈಡನ್ನು ಈ ರೋಗದ ಎಳೆಯರಿಗೆ 36 ವಾರ ಕೊಟ್ಟು ಪರೀಕ್ಷಿಸಿದಾಗ ತೂಕದಲ್ಲಿ ಎದ್ದುಕಾಣುವ ವ್ಯತ್ಯಾಸವಾಗಲಿಲ್ಲ. ಅದೇ ವರ್ಗದ ಸೆಮಾಗ್ಲುಟೈಡಿನಿಂದ ತಕ್ಕಮಟ್ಟಿನ ಗುಣ ಕಂಡುದಾಗಿ ಕೆಲವು ವೈದ್ಯರು ಬರೆದಿದ್ದಾರೆ. ಹೈಪೋಥಲಾಮಸು ಹೋದರೂ ಮಿದುಳಿನ ಕಾಂಡದಲ್ಲಿ ಈ ಮದ್ದಿಗೆ ಓಗೊಡುವ ಕೋಶಗಳು ಉಳಿದಿರುವುದು ಇದಕ್ಕೆ ಕಾರಣವಿರಬಹುದೆಂದು ಎಣಿಸುತ್ತಾರೆ. ನಮ್ಮ ಹುಡುಗನಿಗೆ ಮೊದಲು ಮೆಟ್‌ಫಾರ್ಮಿನ್ ಗುಳಿಗೆಯೂ, ಹನ್ನೆರಡು ತುಂಬಿದ ಮೇಲೆ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚುಮದ್ದೂ ಆಗುತ್ತಿವೆ. ತಿಂಗಳಿಗೆ ಒಂದೂವರೆ ಕಿಲೋ ಏರುತ್ತಿದ್ದವನು ಕಳೆದ ಎಂಟು ತಿಂಗಳಲ್ಲಿ ಎರಡೇ ಕಿಲೋ ಏರಿದ್ದಾನೆ. ನಮ್ಮ ಮನೆಯವರಿಗೆ ಅದೇ ಹಬ್ಬ.

ಇವೆಲ್ಲಕ್ಕಿಂತ ಮೂಲಕ್ಕೆ ಕೈಹಾಕಿದ ಔಷಧವು ಸೆಟ್‌ಮೆಲನೋಟೈಡ್ ಎಂಬುದು. ಕೆಟ್ಟುಹೋದ ಕೋಶಗಳನ್ನು ಇದು ಮತ್ತೆ ಹುಟ್ಟಿಸುವುದಿಲ್ಲ. ಅವು ಹೊರಡಿಸಬೇಕಾಗಿದ್ದ ರಸದ ಪ್ರತಿನಿಧಿಯಾಗಿ ತಾನೇ ಹೋಗಿ ಎಂಸಿ4 ಬೀಗವನ್ನು ತೆರೆಯುತ್ತದೆ. ಸೇತುವೆ ಮುರಿದಲ್ಲಿ ದೋಣಿ ಹಾಕಿದಂತೆ. ಹುಟ್ಟಿನಿಂದಲೇ ಈ ಮಾರ್ಗದಲ್ಲಿ ದೋಷವಿರುವ ಕೆಲವು ವಿರಳ ರೋಗಗಳಿಗೆ ಅಮೆರಿಕದಲ್ಲಿ 2020ರ ನವೆಂಬರಿನಲ್ಲಿ ಇದಕ್ಕೆ ಮೊದಲ ಒಪ್ಪಿಗೆ ದೊರೆಯಿತು. ಅನಂತರ ಹೈಪೋಥಲಾಮಸಿಗೆ ಪೆಟ್ಟಾದ 18 ಮಂದಿಗೆ 16 ವಾರ ಕೊಟ್ಟು ನೋಡಿದರು. ತಕ್ಕ ಫಲ ಕಂಡುಬರಲಾಗಿ, 120 ಮಂದಿಯನ್ನು ಸೇರಿಸಿ, ಕೆಲವರಿಗೆ ಮದ್ದನ್ನೂ ಕೆಲವರಿಗೆ ಮದ್ದಿಲ್ಲದ ಬರಿಯ ದ್ರವವನ್ನೂ, ಯಾರಿಗೆ ಯಾವುದೆಂದು ತಿಳಿಯದಂತೆ, 52 ವಾರ ಕೊಟ್ಟರು. ಅದರ ಫಲಿತಾಂಶವು 2025ರ ಏಪ್ರಿಲಿನಲ್ಲಿ ಹೊರಬಿದ್ದಿತು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣವನ್ನು ತೋರಿಸುವ ಬಿಎಂಐ ಎಂಬ ಸೂಚಿಯು ಮದ್ದು ಪಡೆದವರಲ್ಲಿ ಸರಾಸರಿ ನೂರಕ್ಕೆ 16.5ರಷ್ಟು ಇಳಿದಿತ್ತು, ಪಡೆಯದವರಲ್ಲಿ 3.3ರಷ್ಟು ಏರಿತ್ತು. ಅಂತರ ನೂರಕ್ಕೆ 19.8. ಹಸಿವೂ ತಗ್ಗಿತೆಂದು ರೋಗಿಗಳು ಹೇಳಿದರು.

ದೋಷಗಳನ್ನೂ ಹೇಳದಿರಬಾರದು. ದಿನದಿನವೂ ಚರ್ಮದಡಿಗೆ ಚುಚ್ಚಿಕೊಳ್ಳಬೇಕು. ವಾಕರಿಕೆ, ವಾಂತಿ ಬರುವುದುಂಟು. ಅದರ ಬೆಲೆಯು ಸಾಮಾನ್ಯ ಕುಟುಂಬಕ್ಕೆ ಎಟುಕುವಂಥದಲ್ಲ. ನಮ್ಮ ಹುಡುಗನಿಗೂ ಅದು ದೊರೆತಿಲ್ಲ. ಮತ್ತೊಂದು ವಿಚಿತ್ರವುಂಟು. ಮೆಲನೋಕಾರ್ಟಿನ್ನುಗಳು ಚರ್ಮದ ಬಣ್ಣವನ್ನು ಹೆಚ್ಚಿಸುವ ಕೋಶಗಳನ್ನೂ ಎಚ್ಚರಿಸುವುದರಿಂದ ಈ ಮದ್ದು ತೆಗೆದುಕೊಂಡವರಲ್ಲಿ ಬಹಳ ಮಂದಿ ಕಪ್ಪಗಾಗುತ್ತಾರೆ. ಚರಕರ ಎಂಟು ನಿಂದಿತರಲ್ಲಿ ಒಬ್ಬನನ್ನು ಬಿಡಿಸಿ ಮತ್ತೊಬ್ಬನ ಕಡೆಗೆ ತಳ್ಳಿದಂತಾಯಿತು. ಈ ಮಾತನ್ನು ಹುಡುಗನಿಗೆ ಹೇಳಿದಾಗ, “ಕಪ್ಪಗಾದ್ರೆ ಆಗ್ಲಿ ತಾತ, ಕೃಷ್ಣನೂ ಕಪ್ಪೇ ಅಲ್ವಾ” ಎಂದು ನಕ್ಕನು.

ಇಷ್ಟನ್ನು ಕೇಳಿದ ನನ್ನ ಸಹಪಾಠಿಗಳಾದ ವೃದ್ಧ ಶಾಸ್ತ್ರಿಗಳೊಬ್ಬರು ಒಂದು ಆಕ್ಷೇಪವನ್ನು ತಂದರು: “ಹಸಿವು ಅಡಗುವುದು ಒಂದು ರಸದಿಂದಲೇ ಆದರೆ ಸಂಯಮವೆಂಬುದಕ್ಕೆ ಅರ್ಥವೇನಯ್ಯ? ನಾಳೆ ಪ್ರತಿಯೊಬ್ಬ ಹೊಟ್ಟೆಬಾಕನೂ ತನ್ನ ಮಿದುಳಿನ ಮೇಲೆ ತಪ್ಪು ಹೊರಿಸಿ ಕೂರುವುದಿಲ್ಲವೇ?” ಆಕ್ಷೇಪವು ಹಗುರವಾದುದಲ್ಲ. ಅದಕ್ಕೆ ನಾನು ಕಠೋಪನಿಷತ್ತಿನ ರಥದ ದೃಷ್ಟಾಂತವನ್ನೇ ಆಶ್ರಯಿಸಿ ಉತ್ತರ ಹೇಳಿದೆನು. ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ. ಲಗಾಮು ಕೈಯಲ್ಲಿದ್ದೂ ಕುದುರೆಯನ್ನು ಹೊಲಕ್ಕೆ ನುಗ್ಗಿಸಿದ ಸಾರಥಿಯನ್ನು ದೂರುವುದು ನ್ಯಾಯ. ಲಗಾಮೇ ಕಡಿದುಹೋಗಿರುವಾಗ ಸಾರಥಿಯನ್ನು ಬಯ್ದರೆ ಕುದುರೆ ನಿಲ್ಲುವುದಿಲ್ಲ. ಸಾರಥಿಯ ಎದೆಯೊಡೆಯುವುದಷ್ಟೇ ಫಲ. ಔಷಧವು ಕಡಿದ ಲಗಾಮನ್ನು ಗಂಟುಹಾಕಿ ಕೈಗೆ ಕೊಡುತ್ತದೆ. ರಥವನ್ನು ನಡೆಸುವ ಹೊಣೆ ಅನಂತರವೂ ಸಾರಥಿಯದೇ. ಹೀಗೆ ನೋಡಿದರೆ ಸಂಯಮದ ಬೆಲೆ ಕಡಿಮೆಯಾಗುವುದಿಲ್ಲ; ಸಂಯಮಿಯ ಅಹಂಕಾರ ಮಾತ್ರ ಕಡಿಮೆಯಾಗುತ್ತದೆ. ನಾವು ಎರಡನೆಯ ಹೋಳಿಗೆಯನ್ನು ಬೇಡವೆಂದಾಗ ಅದರಲ್ಲಿ ನಮ್ಮ ತಪಸ್ಸಿನ ಪಾಲೆಷ್ಟು, ಬಟಾಣಿ ಕಾಳಿಗಿಂತಲೂ ಕಿರಿದಾದ ನರಕೋಶಗಳ ಗುಂಪಿನ ಪಾಲೆಷ್ಟು ಎಂಬುದನ್ನು ಹೇಳಬಲ್ಲವರಾರು? ಶಾಸ್ತ್ರಿಗಳು ಪೂರ್ತಿಯಾಗಿ ಒಪ್ಪಲಿಲ್ಲ. ಆದರೆ ಮುಂದಿನ ಸಲ ಬರುವಾಗ ಹುಡುಗನಿಗೆಂದು ಸೀಬೆಹಣ್ಣನ್ನು ತಂದು, ಅವನ ಕೈಗೆ ಕೊಡದೆ ತಾಯಿಯ ಕೈಗೆ ಕೊಟ್ಟರು. ತಿಳಿದವರ ಲಕ್ಷಣ ಅದು.

ಇಂಥ ಮಗುವಿರುವ ಸಂಸಾರಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇರಬಹುದಾದ್ದರಿಂದ, ನಮ್ಮ ಮನೆಯವರು ನಡೆದುಕೊಳ್ಳುತ್ತಿರುವ ಬಗೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಉಗ್ರಾಣಕ್ಕೆ ಬೀಗ ಹಾಕಿದೆ. ಇದನ್ನು ಮೊದಲು ಬೇಡಿದವನು ಹುಡುಗನೇ: “ಬೀಗ ಹಾಕಮ್ಮ, ಅಲ್ಲೇನಿದೆ ಅಂತ ಯೋಚನೆ ತಪ್ಪಿದರೆ ನನಗೆ ನಿದ್ದೆ ಬರುತ್ತೆ” ಎಂದನು. ಬೀಗವು ಅಲ್ಲಿ ಶಿಕ್ಷೆಯಾಗಿರದೆ ಊರುಗೋಲಾಗಿದೆ. ಮನೆಯವರೆಲ್ಲರೂ ಗೊತ್ತಾದ ಹೊತ್ತಿನಲ್ಲಿ ಒಟ್ಟಿಗೆ ಕುಳಿತು ಒಂದೇ ಬಗೆಯ ಊಟವನ್ನು ಮಾಡುತ್ತಾರೆ. ಅವನಿಗೊಂದು ಉಳಿದವರಿಗೊಂದು ಎಂಬುದಿಲ್ಲ. ತಟ್ಟೆಗೆ ಒಳಗೇ ಬಡಿಸಿ ತರುತ್ತಾರೆ. ಪಾತ್ರೆಗಳು ಅವನ ಕಣ್ಣೆದುರಿಗೆ ಬರುವುದಿಲ್ಲ. ಪಿಟ್ಯುಟರಿ ಕೆಟ್ಟುದರಿಂದ ಬೇಕಾದ ಹಾರ್ಮೋನುಗಳ ಗುಳಿಗೆಗಳನ್ನು ಒಂದು ಹೊತ್ತೂ ತಪ್ಪಿಸುವುದಿಲ್ಲ. ಜ್ವರ ಬಂದಾಗ ಅವುಗಳಲ್ಲಿ ಒಂದನ್ನು ವೈದ್ಯರು ಹೇಳಿದಷ್ಟು ಹೆಚ್ಚಿಸದಿದ್ದರೆ ಪ್ರಾಣಾಪಾಯವೇ ಉಂಟು. ಶಾಲೆಯಲ್ಲಿ ಒಬ್ಬ ಶಿಕ್ಷಕಿಯರು ತರಗತಿಯ ಮಕ್ಕಳಿಗೆಲ್ಲ ಈ ಕಾಯಿಲೆಯ ಸ್ವರೂಪವನ್ನು ಕಥೆಯಂತೆ ತಿಳಿಸಿ ಹೇಳಿದರು. ಅಂದಿನಿಂದ ಅಲ್ಲಿ ಅವನನ್ನು ಗೇಲಿಮಾಡುವುದು ನಿಂತಿದೆ. ದೊಡ್ಡವರಿಗಿಂತ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆಂದು ಕಾಣುತ್ತದೆ.

ಗಾದೆಯ ಮೊದಲ ಅರ್ಧಕ್ಕೆ ಈಗ ಅರ್ಥ ಹೇಳಬೇಕಾದರೆ, ಊಟ ಬಲ್ಲವನು ನಮ್ಮೊಳಗಿನ ನೆಲಮನೆಯಲ್ಲಿ ಕುಳಿತಿರುವ ಆ ಮೂಕ ಲೆಕ್ಕಿಗನೆಂದೇ ಹೇಳುವೆನು. ಅವನಿರುವ ತನಕ ಅವನ ಉಪಕಾರ ನಮಗೆ ಕಾಣುವುದಿಲ್ಲ. ಅವನು ಹೋದ ಮನೆಯಲ್ಲಿ ಅವನ ಸ್ಥಾನಕ್ಕೆ ಔಷಧವನ್ನು ತಂದು ಕೂರಿಸುವುದು ವಿಜ್ಞಾನಿಗಳ ಕೆಲಸ; ಅದು ಎಲ್ಲರಿಗೂ ಎಟುಕುವ ಬೆಲೆಗೆ ದೊರೆಯುವಂತೆ ಮಾಡುವುದು ಸರ್ಕಾರಗಳ ಕೆಲಸ. ಎರಡೂ ನನ್ನಂಥವರ ಕೈಯಲ್ಲಿಲ್ಲ. ಗಾದೆಯ ಎರಡನೆಯ ಅರ್ಧ ಮಾತ್ರ ನಮ್ಮ ಕೈಯಲ್ಲಿದೆ. ಮದುವೆ ಮುಂಜಿಗಳಲ್ಲಿ ದಪ್ಪನೆಯ ಮಗುವೊಂದು ನಮ್ಮ ಪಕ್ಕದ ಎಲೆಗೆ ಕುಳಿತಾಗ ಅದರ ತಲೆಯೊಳಗಿನ ಚರಿತ್ರೆ ನಮಗೆ ತಿಳಿದಿರುವುದಿಲ್ಲ. ಊಟ ಬಲ್ಲುದು ಅದಕ್ಕೆ ಸಾಧ್ಯವೋ ಇಲ್ಲವೋ. ಮಾತು ಬಲ್ಲುದು ನಮಗೆ ಸಾಧ್ಯ.